ಥಾಯ್ಲೆಂಡಿಗೆ ಕೇಳಿಸಿದ ದನಿ ಶಿವಮೊಗ್ಗಕ್ಕೆ ಕೇಳಲಿಲ್ಲ: ಒಂದು ತಂತಿ ಆಂಟೆನಾದ ಪ್ರಕರಣ

ಇದು ಸಾಗರ ತಾಲೂಕಿನ ಒಂದು ಗುಡ್ಡದ ಮನೆಯಲ್ಲಿ, ನವೆಂಬರಿನಿಂದ ಮುಂದಿನ ಜೂನ್‌ವರೆಗೆ, ಮೂರು ಭೇಟಿಗಳಲ್ಲಿ ನಡೆದ ಪ್ರಕರಣ. ಊರು, ಜನರ ಹೆಸರು, ಕರೆ ಸಂಕೇತ ಎಲ್ಲವನ್ನೂ ಬಿಟ್ಟಿದ್ದೇನೆ. ಅಳತೆ ಮತ್ತು ಸಮಯಗಳನ್ನು ಮಾತ್ರ ಲಾಗ್ ಪುಸ್ತಕದಲ್ಲಿ ಇದ್ದಂತೆಯೇ ಇಟ್ಟಿದ್ದೇನೆ. ಮೊದಲ ಭೇಟಿಯ ಹೊತ್ತಿಗೆ ನಾನು ಶಿವಮೊಗ್ಗದಲ್ಲಿ ನನ್ನ ರೇಡಿಯೋದ ಮುಂದೆ ಕುಳಿತು ಆ ಗುಡ್ಡದ ದನಿಗೆ ಕಿವಿಗೊಟ್ಟಿದ್ದೆ. ಎರಡನೆಯ ಭೇಟಿಯಿಂದ ತಂಡದ ಜೊತೆಗೇ ಇದ್ದೆ.

ಹಿನ್ನೆಲೆ

ಮಳೆಗಾಲದಲ್ಲಿ ಆ ಮನೆ ಎಷ್ಟೋ ದಿನ ದ್ವೀಪವಾಗಿರುತ್ತದೆ. ಮರ ಬಿದ್ದು ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಮರುದಿನ ಮೊಬೈಲ್ ಟವರಿನ ಬ್ಯಾಟರಿ ಬರಿದಾಗುತ್ತದೆ. ಹಳ್ಳ ಏರಿ ಕಾಲುಸಂಕ ಮುಳುಗಿದರೆ ಆಚೆಯವರು ಈಚೆ ಬರುವಂತಿಲ್ಲ. ಅಂಥ ದಿನಗಳಲ್ಲಿ ಹೊರಗಿನವರೊಡನೆ ಮಾತನಾಡಲು ಹ್ಯಾಮ್ (ಹವ್ಯಾಸಿ) ರೇಡಿಯೋ ಒಂದು ದಾರಿಯಾದೀತೇ ಎಂದು ನೋಡಲು ಮೂವರು ಹೊರಟರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಒಬ್ಬರು, ದೂರಸಂಪರ್ಕ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಮತ್ತು ಆ ಮನೆಯ ಮೊಮ್ಮಗನೇ ಆದ ಕಾಲೇಜು ವಿದ್ಯಾರ್ಥಿ. ಮೂವರಿಗೂ ಹವ್ಯಾಸಿ ರೇಡಿಯೋ ಪರವಾನಗಿ ಇತ್ತು.

ಗುರಿ ಸ್ಪಷ್ಟವಾಗಿತ್ತು. ನೇರ ಗೆರೆಯಲ್ಲಿ ಸುಮಾರು 65 ಕಿಲೋಮೀಟರ್ ದೂರದ ಶಿವಮೊಗ್ಗ, 140 ಕಿಲೋಮೀಟರ್ ದೂರದ ಮಂಗಳೂರು, 300 ಕಿಲೋಮೀಟರ್ ದೂರದ ಬೆಂಗಳೂರು, ಈ ಮೂರಕ್ಕೂ ದನಿ ತಲುಪಬೇಕು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಸೆಟ್ಟುಗಳ ದನಿ ಎದುರಿನ ಗುಡ್ಡ ದಾಟುವುದಿಲ್ಲ. ಹಾಗಾಗಿ ಆಕಾಶದ ಮೇಲ್ಪದರಕ್ಕೆ ತಾಗಿ ಮರಳುವ ಅಲೆಗಳ, ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿರುವ 40 ಮೀಟರ್ ಬ್ಯಾಂಡನ್ನು ಆರಿಸಿದರು. ರೇಡಿಯೋ ಮನೆಯಲ್ಲೇ ಜೋಡಿಸಿದ 10 ವಾಟ್‌ನದು, ಶಕ್ತಿಗೆ 12 ವೋಲ್ಟಿನ ಬ್ಯಾಟರಿ. ಆಂಟೆನಾ ಸೇರಿದಂತೆ ಎಲ್ಲವೂ ಒಂದೇ ಬೆನ್ನುಚೀಲದಲ್ಲಿ ಹಿಡಿಯಬೇಕು ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು.

ಮೊದಲ ತಂತಿ

ಅರ್ಧ ತರಂಗದ, ಅಂದರೆ ಅಲೆಯ ಉದ್ದದ ಅರ್ಧದಷ್ಟಿರುವ ತಂತಿಯ ಉದ್ದ ಮೀಟರಿನಲ್ಲಿ ಬೇಕಾದರೆ 142.6ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. 7.1ಕ್ಕೆ 20 ಮೀಟರ್ ಚಿಲ್ಲರೆ ಬರುತ್ತದೆ. ಅದರ ಅರ್ಧ, ಅಂದರೆ 10 ಮೀಟರ್, ಕಾಲು ತರಂಗ. ಎಂಜಿನಿಯರ್ ಆರಿಸಿದ್ದು ಈ ಕಾಲು ತರಂಗದ ತಂತಿಯನ್ನು ನೆಟ್ಟಗೆ ನಿಲ್ಲಿಸುವ ವಿನ್ಯಾಸ. ಒಂದೇ ಮರ ಸಾಕು, ಬುಡದಲ್ಲಿ ನಾಲ್ಕು ರೇಡಿಯಲ್ ತಂತಿಗಳನ್ನು ನೆಲದ ಮೇಲೆ ಹರಡಿದರೆ ಮುಗಿಯಿತು. ಕಾರಣ ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ನೆನಪಿದೆ: ಹಗುರ, ಬೇಗ ಕಟ್ಟಬಹುದು, ಬೆಂಗಳೂರಿನ ತಾರಸಿಯ ಮೇಲೆ ಚೆನ್ನಾಗಿ ಅಳತೆ ಬಂದಿದೆ. ಮೂರೂ ನಿಜ. ಆದರೆ ಆ ಉತ್ತರದಲ್ಲಿ ಶಿವಮೊಗ್ಗದ ಹೆಸರು ಇರಲಿಲ್ಲ.

ಮನೆಯ ಹಿಂದೆ ಎತ್ತರದ ಸಿಲ್ವರ್ ಓಕ್ ಮರವಿತ್ತು. ವಿದ್ಯಾರ್ಥಿ ನೈಲಾನ್ ದಾರಕ್ಕೆ ಕಲ್ಲು ಕಟ್ಟಿ ಎಸೆದ. ಮೊದಲ ಎಸೆತ ಕೊಂಬೆಯನ್ನು ದಾಟಿ, ಮನೆಗೆ ಬರುವ ಕರೆಂಟ್ ತಂತಿಯಿಂದ ಒಂದೆರಡು ಮಾರು ಈಚೆ ಬಿತ್ತು. ಹಿರಿಯರು ಆ ಕ್ಷಣವೇ ಕೆಲಸ ನಿಲ್ಲಿಸಿದರು. ತಂತಿ ಹರಿದು ಗಾಳಿಗೆ ಹಾರಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರುವ ಬೇರೆ ಮರ ಸಿಗುವವರೆಗೆ ಮತ್ತೆ ದಾರ ಎಸೆಯಲು ಬಿಡಲಿಲ್ಲ. ಅರ್ಧ ಗಂಟೆ ಹೋಯಿತು. ಇಡೀ ಪ್ರಕರಣದಲ್ಲಿ ಅದಕ್ಕಿಂತ ಒಳ್ಳೆಯ ತೀರ್ಮಾನವನ್ನು ಯಾರೂ ತೆಗೆದುಕೊಳ್ಳಲಿಲ್ಲ ಎಂದು ನಾನು ನಂಬಿದ್ದೇನೆ. ತಂತಿ ಆಂಟೆನಾ ಕಟ್ಟುವವರು ಜೀವ ಕಳೆದುಕೊಳ್ಳುವ ದಾರಿ ಅದೇ.

ತಂತಿ ನಿಂತ ಮೇಲೆ ಎಸ್‌ಡಬ್ಲ್ಯೂಆರ್ ನೋಡಿದರು. ರೇಡಿಯೋದಿಂದ ಹೊರಟ ಶಕ್ತಿಯಲ್ಲಿ ಎಷ್ಟು ಪಾಲು ಆಂಟೆನಾದಿಂದ ಹಿಂದಕ್ಕೆ ಮರಳುತ್ತಿದೆ ಎಂದು ತಿಳಿಸುವ ಅಂಕಿ ಅದು. 1 ಇದ್ದರೆ ಏನೂ ಮರಳುತ್ತಿಲ್ಲ, 2 ಇದ್ದರೆ ನೂರರಲ್ಲಿ 11 ಪಾಲು ಮರಳುತ್ತಿದೆ. ಅಲ್ಲಿ ಬಂದದ್ದು 1.1. ಎಲ್ಲರ ಮುಖವೂ ಅರಳಿತು.

ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವರು ಕರೆದರು, ನಾನು ಕೇಳಿದೆ. ಮೊಬೈಲಿನಲ್ಲಿ ಮಾತನಾಡಿಕೊಂಡು ಆವರ್ತನ ಹೊಂದಿಸಿಕೊಂಡಿದ್ದೆವು, ತಪ್ಪುವ ಸಾಧ್ಯತೆ ಇರಲಿಲ್ಲ. ಸ್ಪೀಕರಿನಲ್ಲಿ ಬರೀ ಸುಯ್ಯೆನ್ನುವ ಸದ್ದು. ಒಂದು ಸಲ ಮಾತ್ರ ಗೋಡೆಯಾಚೆ ಯಾರೋ ಮಾತನಾಡಿದಂತಾಗಿ ಮಸುಕಾಯಿತು.

ಮೀಟರನ್ನು ನಂಬಿದ ದಿನ

ಇಲ್ಲಿಂದ ಮುಂದಿನ ಕೆಲವು ಗಂಟೆಗಳು ಬಹಳ ಮುಖ್ಯ. ಮೂವರಲ್ಲಿ ಯಾರಿಗೂ ಓದು ಕಡಿಮೆ ಇರಲಿಲ್ಲ, ಆದರೂ ಒಬ್ಬರೂ ಮೀಟರಿನ ಆಚೆ ನೋಡಲಿಲ್ಲ. ನಾನೂ ನೋಡಲಿಲ್ಲ.

ರೇಡಿಯಲ್ ಕಡಿಮೆಯಾಯಿತೇನೋ ಎಂದು ನಾಲ್ಕನ್ನು ಎಂಟು ಮಾಡಿದರು. ಎಸ್‌ಡಬ್ಲ್ಯೂಆರ್ 1.1 ಇದ್ದದ್ದು 1.3ಕ್ಕೆ ಏರಿತು. ಕೆಟ್ಟಿತು ಎಂದುಕೊಂಡು ಹೆಚ್ಚಿಗೆ ಹಾಕಿದ ನಾಲ್ಕನ್ನೂ ಸುತ್ತಿ ಚೀಲಕ್ಕೆ ಹಾಕಿದರು. ನಿಜವಾಗಿ ಆಗಿದ್ದು ಇದರ ತಿರುಗುಮುರುಗು. ಒಳ್ಳೆಯ ನೆಲದ ಮೇಲೆ ನಿಂತ ಕಾಲು ತರಂಗದ ತಂತಿಯ ರೋಧ ಸುಮಾರು 36 ಓಮ್. ನಮ್ಮ ಕೇಬಲ್ 50 ಓಮ್‌ನದು. ನಾಲ್ಕೇ ರೇಡಿಯಲ್ ಇದ್ದಾಗ ಮಣ್ಣಿನಲ್ಲಿ ಶಕ್ತಿ ಕಾವಾಗಿ ಸೋರುತ್ತಿತ್ತು. ಆ ಸೋರಿಕೆಯ ರೋಧವೂ ಸೇರಿ ಮೊತ್ತ 50ರ ಹತ್ತಿರ ಬಂದು ಮೀಟರ್ ಚೆಂದ ಕಾಣುತ್ತಿತ್ತು. ರೇಡಿಯಲ್ ಹೆಚ್ಚಿದಾಗ ಸೋರಿಕೆ ಇಳಿಯಿತು, ಆಂಟೆನಾ ಸುಧಾರಿಸಿತು, ಅಂಕಿ ಮಾತ್ರ ಏರಿತು. ಸುಧಾರಣೆಯನ್ನೇ ಕಿತ್ತು ಹಾಕಿದರು. 50 ಓಮ್‌ನ ಒಂದು ರೆಸಿಸ್ಟರನ್ನು ಕೇಬಲಿನ ತುದಿಗೆ ಬೆಸೆದರೂ ಎಸ್‌ಡಬ್ಲ್ಯೂಆರ್ 1 ಬರುತ್ತದೆ, ದನಿ ಅಂಗಳವನ್ನೂ ದಾಟುವುದಿಲ್ಲ. ಹೊಸ ಹ್ಯಾಮ್‌ಗಳಿಗೆ ಇದನ್ನು ನಾನು ಈಗ ಮೊದಲ ದಿನವೇ ಮಾಡಿ ತೋರಿಸುತ್ತೇನೆ.

ಸಂಜೆ ಏಳರ ಹೊತ್ತಿಗೆ ಥಾಯ್ಲೆಂಡಿನ ಒಬ್ಬರು ಉತ್ತರಿಸಿದರು. ಹತ್ತೇ ವಾಟ್, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಮಾತು ಸ್ಪಷ್ಟ. ಮನೆಯವರೆಲ್ಲ ರೇಡಿಯೋದ ಸುತ್ತ ಕುಳಿತು ಕೇಳಿದರಂತೆ. ಆ ಸಂಭ್ರಮದಲ್ಲಿ ವಿದ್ಯಾರ್ಥಿ ನನಗೆ ಫೋನ್ ಮಾಡಿ, “ಆಂಟೆನಾ ಸರಿಯಾಗಿದೆ ಸರ್. ನಿಮ್ಮ ಕಡೆಯೇ ಏನೋ ತೊಂದರೆ ಇರಬೇಕು” ಎಂದ. ನಾನೂ ಹಾಗೇ ಇರಬಹುದೆಂದು ರಾತ್ರಿ ಕೇಬಲಿನ ಕನೆಕ್ಟರ್ ಬಿಚ್ಚಿ ಒರೆಸಿ ಮತ್ತೆ ಹಾಕಿದೆ. ಆದರೆ ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಮತ್ತು ಮೈಸೂರಿನ ಸ್ಟೇಷನ್‌ಗಳು ನನಗೆ ಪಕ್ಕದ ಮನೆಯವರಂತೆ ಕೇಳುತ್ತಿದ್ದವು. ನನ್ನ ಆಂಟೆನಾ ತಾರಸಿಗಿಂತ ಐದಾರು ಮೀಟರ್ ಮೇಲೆ ಅಡ್ಡಲಾಗಿ ಕಟ್ಟಿದ ಸಾಧಾರಣ ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆಗೂ ತೋಳು ಚಾಚಿದ ತಂತಿ. ಅಡ್ಡಲಾಗಿ ಎಂಬುದೇ ಸುಳಿವು ಎಂದು ಆಗ ನನಗೂ ಹೊಳೆಯಲಿಲ್ಲ.

ಎರಡನೇ ದಿನ ಅವರು ಚೀಲದಲ್ಲಿದ್ದ 49:1 ಟ್ರಾನ್ಸ್‌ಫಾರ್ಮರ್ ತೆಗೆದರು. 20 ಮೀಟರ್ ತಂತಿಯನ್ನು ಒಂದು ತುದಿಯಿಂದಲೇ ಉಣಿಸುವ ವಿಧಾನವಿದು. ತುದಿಯಲ್ಲಿ ರೋಧ ಎರಡು ಸಾವಿರ ಓಮ್‌ಗೂ ಹೆಚ್ಚು, ಅದನ್ನು ಟ್ರಾನ್ಸ್‌ಫಾರ್ಮರ್ 50ಕ್ಕೆ ಇಳಿಸುತ್ತದೆ. ಮರದ ತುದಿಯಿಂದ ಅಂಗಳಕ್ಕೆ ಕಡಿದಾಗಿ ಇಳಿಬಿಟ್ಟರು. ಈ ಸಲ ಬೆಂಗಳೂರಿಗೆ ಕ್ಷೀಣವಾಗಿ ಕೇಳಿಸಿತು, ನನಗೆ ಅರ್ಧಂಬರ್ಧ. ಜೊತೆಗೆ ಹೊಸ ತೊಂದರೆ. ಎಂಜಿನಿಯರ್ ಕರೆ ಕೊಡುತ್ತಿದ್ದಾಗ ಮೈಕಿನ ಲೋಹದ ಅಂಚು ತುಟಿಗೆ ತಾಗಿ ಚುರುಕ್ಕೆಂದಿತು, ಸೂಜಿಯಿಂದ ಚುಚ್ಚಿದ ಹಾಗೆ. ಮಾತಿನ ಏರಿಳಿತಕ್ಕೆ ರೇಡಿಯೋದ ಪರದೆಯ ಬೆಳಕೂ ಮಿಣುಕುತ್ತಿತ್ತು. ತುದಿಯಿಂದ ಉಣಿಸಿದ ತಂತಿಗೆ ಜೋಡಿಯಾಗಿ ಇನ್ನೊಂದು ತೋಳು ಬೇಕು. ಕೊಡದಿದ್ದರೆ ಅದು ಕೇಬಲಿನ ಹೊರಮೈಯನ್ನೇ ತೋಳಾಗಿ ಬಳಸಿಕೊಳ್ಳುತ್ತದೆ. ಕೇಬಲಿನ ಇನ್ನೊಂದು ತುದಿಯಲ್ಲಿ ಇದ್ದದ್ದು ರೇಡಿಯೋ, ಮೈಕು ಮತ್ತು ಮನುಷ್ಯರು.

ಆ ಮಧ್ಯಾಹ್ನ ಸಾಮಾನು ಕಟ್ಟಿದರು.

ತಿರುವು

ತಿರುವು ಬಂದದ್ದು ಮನೆಯ ಅಜ್ಜನಿಂದ. ಥಾಯ್ಲೆಂಡಿಗೆ ಕೇಳಿಸಿದ್ದು ಶಿವಮೊಗ್ಗಕ್ಕೆ ಯಾಕೆ ಕೇಳಲಿಲ್ಲ ಎಂದು ಮೊಮ್ಮಗ ಹಳಹಳಿಸುತ್ತಿದ್ದಾಗ ಅವರು, “ಅಪ್ಪಿ, ತೋಟದಲ್ಲಿ ಸ್ಪ್ರಿಂಕ್ಲರ್ ನೋಡಿಲ್ಲವೇನೋ? ನೀರು ಅಷ್ಟು ದೂರ ಹಾರಿ ಬೀಳುತ್ತದೆ, ಅದರ ಬುಡದ ಅಡಿಕೆ ಮರ ಒಣಗಿಯೇ ಇರುತ್ತದೆ” ಎಂದರಂತೆ. ಹುಡುಗ ಅದನ್ನು ನಗುತ್ತಲೇ ನನಗೆ ಹೇಳಿದ. ನಾನು ನಗಲಿಲ್ಲ. ಕಾಗದ ತೆಗೆದುಕೊಂಡು ಕೋನ ಲೆಕ್ಕ ಹಾಕಿದೆ.

ನಮ್ಮ ಮಾತನ್ನು ಹಿಂದಿರುಗಿಸುವ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ವಲಯದ) ಪದರ ಸುಮಾರು 300 ಕಿಲೋಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. 65 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಇಳಿಯಬೇಕಾದ ಅಲೆ ನೆಲದಿಂದ 84 ಡಿಗ್ರಿ ಕೋನದಲ್ಲಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ನೇರಕ್ಕೆ ಏರಬೇಕು. 300 ಕಿಲೋಮೀಟರ್ ದೂರದ ಬೆಂಗಳೂರಿಗೂ 63 ಡಿಗ್ರಿ ಬೇಕು. ನೆಟ್ಟಗೆ ನಿಂತ ತಂತಿ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ದಿಗಂತದ ಕಡೆಗೆ ಚೆಲ್ಲುತ್ತದೆ, ನೆತ್ತಿಯ ಕಡೆಗೆ ಏನನ್ನೂ ಕೊಡುವುದಿಲ್ಲ. 84 ಡಿಗ್ರಿಯಲ್ಲಿ ಅದು ಕೊಡುವುದು ದಿಗಂತಕ್ಕೆ ಕೊಡುವುದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಥಾಯ್ಲೆಂಡಿಗೆ ಬೇಕಾದದ್ದು ತಗ್ಗಿನ ಕೋನ, ಅದು ಧಾರಾಳವಾಗಿ ಸಿಕ್ಕಿತ್ತು. ಆಂಟೆನಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಾವು ಬೇರೆ ಕೆಲಸದ ಆಂಟೆನಾ ಒಯ್ದಿದ್ದೆವು.

ಡಿಸೆಂಬರಿನಲ್ಲಿ ಎರಡನೇ ಭೇಟಿ. ಈ ಸಲ ಮರ ಬೇಡವೆಂದೆವು. ಏಳು ಮೀಟರಿನ ಬಿದಿರಿನ ಗಳವನ್ನು ಅಂಗಳದ ಅಂಚಿನ ಹಲಸಿನ ಬೊಡ್ಡೆಗೆ ಬಿಗಿದು, ಅದರ ತಲೆಯಿಂದ ಎರಡು ಕಡೆಗೂ ತಂತಿ ಎಳೆದು, ತುದಿಗಳನ್ನು ಆಳೆತ್ತರಕ್ಕಿಂತ ಮೇಲೆ, ಮೂರು ಮೀಟರಿನಲ್ಲಿ ಕಟ್ಟಿದೆವು. ಎಂಜಿನಿಯರ್‌ಗೆ ಸಮಾಧಾನವಿರಲಿಲ್ಲ. ಆಂಟೆನಾ ಎತ್ತರವಿದ್ದಷ್ಟೂ ಒಳ್ಳೆಯದೆಂದು ಎಲ್ಲ ಕಡೆ ಓದಿದ್ದವರು ಅವರು. ದೂರದೇಶದ ಸಂಪರ್ಕಕ್ಕೆ ಅದು ನಿಜ. 40 ಮೀಟರ್ ಬ್ಯಾಂಡಿನಲ್ಲಿ ಕಾಲು ತರಂಗದ ಎತ್ತರ 10 ಮೀಟರ್. ಅಡ್ಡ ತಂತಿ ಅದಕ್ಕಿಂತ ಕೆಳಗೆ ಇರುವಾಗ ನೆಲವೇ ಕನ್ನಡಿಯಾಗಿ ಶಕ್ತಿಯನ್ನು ನೇರ ಮೇಲಕ್ಕೆ ದೂಡುತ್ತದೆ. ನಮಗೆ ಬೇಕಾದದ್ದು ಅದೇ. ತೀರಾ ಕೆಳಗಾದರೆ ಮಣ್ಣು ಶಕ್ತಿಯನ್ನು ತಿನ್ನುತ್ತದೆ, ಅಷ್ಟು ಎಚ್ಚರ ಸಾಕು.

ಕೇಬಲ್ ಸೇರುವ ಜಾಗದಲ್ಲಿ ಅದೇ ಕೇಬಲನ್ನು ಫೆರೈಟ್ ಉಂಗುರದ ಮೇಲೆ ಹನ್ನೆರಡು ಸುತ್ತು ಸುತ್ತಿ, ಕೇಬಲಿನ ಹೊರಮೈಯ ಪ್ರವಾಹವನ್ನು ತಡೆಯುವ ಚೋಕ್ ಮಾಡಿದೆವು. ತುಟಿ ಚುಚ್ಚುವುದು ನಿಂತಿತು.

ಉದ್ದದ ವಿಷಯದಲ್ಲಿ ಒಂದು ಪಾಠವಿತ್ತು. ನಾವು ಬಳಸಿದ್ದು ಎಲೆಕ್ಟ್ರಿಕ್ ಅಂಗಡಿಯ ಪಿವಿಸಿ ಹೊದಿಕೆಯ ತಾಮ್ರದ ತಂತಿ. ಸೂತ್ರದಂತೆ ಪ್ರತಿ ತೋಳು 10.04 ಮೀಟರ್ ಕತ್ತರಿಸಿದರೆ ಅನುರಣನ (ತಂತಿ ಸಹಜವಾಗಿ ಹೊಂದಿಕೊಳ್ಳುವ ಆವರ್ತನ) 7.1ರಲ್ಲಿ ಬರಲಿಲ್ಲ, 6.88ರಲ್ಲಿ ಬಂತು. ಪ್ಲಾಸ್ಟಿಕ್ ಹೊದಿಕೆ ಅಲೆಯನ್ನು ನಿಧಾನಿಸುವುದರಿಂದ ತಂತಿ ಇರುವುದಕ್ಕಿಂತ ಉದ್ದವಾದಂತೆ ವರ್ತಿಸುತ್ತದೆ. ಲೆಕ್ಕ ಸುಲಭ: 6.88ನ್ನು 7.1ರಿಂದ ಭಾಗಿಸಿ ಉದ್ದಕ್ಕೆ ಗುಣಿಸಿದರೆ 9.73. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಸುತ್ತಿದೆವು. ಈ ಬ್ಯಾಂಡಿನಲ್ಲಿ ಪ್ರತಿ ತೋಳಿನಲ್ಲಿ 10 ಸೆಂಟಿಮೀಟರ್ ಮಡಚಿದರೆ ಅನುರಣನ ಸುಮಾರು 70 ಕಿಲೋಹರ್ಟ್ಸ್ ಏರುತ್ತದೆ ಎಂದು ನೆನಪಿಟ್ಟರೆ ಬೆಟ್ಟದ ಮೇಲೆ ಕಾಗದ ಪೆನ್ಸಿಲ್ ಬೇಕಾಗುವುದಿಲ್ಲ. ಒಂದು ತೋಳು ಕೊಟ್ಟಿಗೆಯ ಜಿಂಕ್ ಶೀಟಿನ ಮೇಲೆ ಒಂದೇ ಮೀಟರ್ ಎತ್ತರದಲ್ಲಿ ಹಾದಾಗ ಅನುರಣನ ಮತ್ತೆ ಕೆಳಗಿಳಿಯಿತು. ತಂತಿಯನ್ನು ಮಡಚುತ್ತ ಹೋಗುವ ಬದಲು ತೋಳನ್ನೇ ಬೇರೆ ಕಡೆಗೆ ತಿರುಗಿಸಿದೆವು.

ಶಿವಮೊಗ್ಗದಲ್ಲಿ ಈಗ ನನ್ನ ಬದಲು ಇನ್ನೊಬ್ಬ ಹ್ಯಾಮ್ ಕುಳಿತಿದ್ದರು. ಹೊಸ ತಂತಿಯಲ್ಲಿ ಕೊಟ್ಟ ಮೊದಲ ಕರೆಗೇ ಅವರು ಉತ್ತರಿಸಿದರು. ನಂಬಿಕೆ ಸಾಲದೆ ಹಳೆಯ ನೆಟ್ಟ ತಂತಿಯನ್ನೂ ಕಟ್ಟಿ, ಸ್ವಿಚ್ ಹಾಕಿ, ನಿಮಿಷಕ್ಕೊಮ್ಮೆ ಬದಲಿಸುತ್ತ ಹತ್ತು ಸಲ ಹೋಲಿಸಿದೆವು. ಯಾವುದು ಯಾವ ಆಂಟೆನಾ ಎಂದು ಅವರಿಗೆ ಹೇಳಲಿಲ್ಲ, “ಒಂದು”, “ಎರಡು” ಎಂದಷ್ಟೇ ಹೇಳಿದೆವು. ದನಿಯ ಬಲ ತೋರಿಸುವ ಅವರ ಎಸ್ ಮೀಟರ್ ನೆಟ್ಟ ತಂತಿಯಲ್ಲಿ 4, ಹೊಸದರಲ್ಲಿ 8 ತೋರಿಸಿತು. ಒಂದು ಎಸ್ ಅಂಕಕ್ಕೆ 6 ಡೆಸಿಬೆಲ್‌ನಂತೆ 24 ಡೆಸಿಬೆಲ್. ಹತ್ತು ವಾಟನ್ನು ಎರಡೂವರೆ ಸಾವಿರ ವಾಟ್ ಮಾಡಿದಷ್ಟು. ಇಂಥ ಮೀಟರುಗಳು ಅಷ್ಟು ನಿಖರವಲ್ಲ. ಅರ್ಧಕ್ಕರ್ಧ ಕಳೆದು 12 ಡೆಸಿಬೆಲ್ ಎಂದರೂ ಹದಿನಾರು ಪಟ್ಟು. ಹೊಸ ಆಂಟೆನಾದ ಎಸ್‌ಡಬ್ಲ್ಯೂಆರ್ 1.4 ಇತ್ತು, ಹಳೆಯದರದು 1.1. ಹೋಲಿಕೆ ಮುಗಿದ ಮೇಲೆ ಎಂಜಿನಿಯರ್ ಮೀಟರನ್ನು ಚೀಲದೊಳಗಿಟ್ಟು, “ಇದು ರೇಡಿಯೋಗೆ ಏನು ಕಾಣುತ್ತದೆ ಎಂದಷ್ಟೇ ಹೇಳುತ್ತದೆ, ಅಲ್ಲವೇ?” ಎಂದರು.

ಅಂದು ಮಧ್ಯಾಹ್ನದೊಳಗೆ ಮಂಗಳೂರು, ಬೆಂಗಳೂರು ಎರಡೂ ಸಿಕ್ಕವು. ಕೆಲಸ ಮುಗಿಯಿತೆಂದು ಮಲಗಿದೆವು.

ಬೆಳಗಿನ ಜಾವದ ಸೋಲು

ಮರುದಿನ ಬೆಳಗಿನ ಐದೂಕಾಲಿಗೆ ಹಿರಿಯರು ಎದ್ದು, ಸುಮ್ಮನೆ ನೋಡೋಣವೆಂದು ರೇಡಿಯೋ ಹಾಕಿದರು. ಆ ಕುತೂಹಲಕ್ಕೆ ನಾನು ಋಣಿ. ಬ್ಯಾಂಡಿನಲ್ಲಿ ವಿದೇಶದ ದನಿಗಳು ತುಂಬಿದ್ದವು, ಶಿವಮೊಗ್ಗ ಇರಲಿಲ್ಲ. ತಂತಿ ಅದೇ, ಗಳ ಅದೇ. ಬದಲಾಗಿದ್ದು ಆಕಾಶ.

ನೆತ್ತಿಯ ನೇರಕ್ಕೆ ಕಳಿಸಿದ ಅಲೆಯನ್ನು ಅಯಾನುಗೋಳ ಹಿಂದಿರುಗಿಸುವುದಕ್ಕೆ ಒಂದು ಮೇಲ್ಮಿತಿಯಿದೆ. ಅದಕ್ಕಿಂತ ಹೆಚ್ಚಿನ ಆವರ್ತನದ ಅಲೆ ಪದರವನ್ನು ತೂರಿ ಬಾಹ್ಯಾಕಾಶಕ್ಕೆ ಹೋಗುತ್ತದೆ. ಹಗಲಿನಲ್ಲಿ ನಮ್ಮ ನೆತ್ತಿಯ ಮೇಲೆ ಈ ಮಿತಿ ಸಾಮಾನ್ಯವಾಗಿ 7 ಮೆಗಾಹರ್ಟ್ಸ್‌ಗಿಂತ ಮೇಲಿರುತ್ತದೆ. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದು ಇದಕ್ಕೆ ಒಂದು ಕಾರಣ. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ಸೌಂಡಿಂಗ್ ರಾಕೆಟ್ ಹಾರಿಸಿದ್ದು ಕೂಡ ಆ ಸಮಭಾಜಕ ಅಲ್ಲೇ ಹಾದುಹೋಗುತ್ತದೆಂಬ ಕಾರಣಕ್ಕೆ. ಆದರೆ ಸೂರ್ಯ ಮುಳುಗಿದ ಮೇಲೆ ಪದರ ತೆಳುವಾಗುತ್ತ ಹೋಗಿ ಬೆಳಗಿನ ಜಾವಕ್ಕೆ ಈ ಮಿತಿ ಅತ್ಯಂತ ಕೆಳಗಿಳಿದಿರುತ್ತದೆ. ಆಗ 7 ಮೆಗಾಹರ್ಟ್ಸ್ ಓರೆಯಾಗಿ ಹೋದರೆ ತಿರುಗಿ ದೂರದೇಶದಲ್ಲಿ ಇಳಿಯುತ್ತದೆ, ನೇರ ಹೋದರೆ ಮರಳುವುದಿಲ್ಲ.

ರಾತ್ರಿ ಗುಡ್ಡ ಜರಿದರೆ ಸಹಾಯ ಕೇಳಬೇಕಾದ ಹೊತ್ತು ಅದೇ. ಹಗಲು ಮಾತ್ರ ಕೆಲಸ ಮಾಡುವ ವ್ಯವಸ್ಥೆಯನ್ನು ಆ ಮನೆಗೆ ಕೊಟ್ಟು ಬರಲು ನಮಗೆ ಮನಸ್ಸಾಗಲಿಲ್ಲ.

ಪರಿಹಾರ ಮೂರೂವರೆ ಮೆಗಾಹರ್ಟ್ಸ್‌ನ 80 ಮೀಟರ್ ಬ್ಯಾಂಡ್. ಹಗಲಿನಲ್ಲಿ ಕೆಳಪದರ ಅದನ್ನು ಹೀರಿಕೊಳ್ಳುತ್ತದೆ, ರಾತ್ರಿ ಆ ಪದರ ಮಾಯವಾಗುತ್ತದೆ. ಒಂದು ಬ್ಯಾಂಡ್ ಮಲಗುವಾಗ ಇನ್ನೊಂದು ಏಳುತ್ತದೆ. ಎರಡು ಆಂಟೆನಾ ಬೇಡವೆಂದು ಕೊಂಡಿ ಹಾಕಿದ ಡೈಪೋಲ್ ಮಾಡಿದೆವು: 9.73 ಮೀಟರಿನ ತೋಳಿನ ತುದಿಗೆ ಒಂದು ಕೊಂಡಿ, ಅದರಾಚೆ ಇನ್ನೂ ಒಂಬತ್ತೂವರೆ ಮೀಟರ್ ತಂತಿ. ಕೊಂಡಿ ಬಿಚ್ಚಿದರೆ 7.1, ಸೇರಿಸಿದರೆ 3.6. ಹೊಂದಿಸುವಾಗ ಮೊದಲು ಕೊಂಡಿ ಬಿಚ್ಚಿ ಒಳಗಿನ ತಂತಿ ಸರಿಮಾಡಿಕೊಳ್ಳಬೇಕು, ಆಮೇಲೆ ಹೊರಗಿನದು. ತಿರುಗಿಸಿ ಮಾಡಿದರೆ ಒಂದನ್ನು ಮುಟ್ಟಿದಾಗಲೆಲ್ಲ ಇನ್ನೊಂದು ಕೆಡುತ್ತದೆ. ಅಷ್ಟು ಉದ್ದಕ್ಕೆ ಅಂಗಳ ಸಾಲದೆ ಒಂದು ತೋಳಿನ ಕೊನೆಯ ಭಾಗವನ್ನು ಬೇಲಿಯ ಗುಂಟ ಬಾಗಿಸಿದೆವು. ತಂತಿಯ ತುದಿಗಳಲ್ಲಿ ಪ್ರವಾಹ ಕಡಿಮೆ, ಅಲ್ಲಿ ಬಾಗಿಸಿದರೆ ನಷ್ಟ ಹೆಚ್ಚಿಲ್ಲ. ನಡುವನ್ನು ಬಾಗಿಸಿದರೆ ಇದೆ.

ನಮ್ಮ ನಡೆಗಳಲ್ಲಿ ಬದಲಾದದ್ದು

ಈಗ ನಮ್ಮ ಗುಂಪಿನಲ್ಲಿ ಯಾರಾದರೂ ಹೊರಾಂಗಣಕ್ಕೆ ಹೊರಟರೆ ತಂತಿ ಅಳೆಯುವ ಮೊದಲು ಒಂದು ಕಾಗದದ ಮೇಲೆ ಮೂರು ಉತ್ತರ ಬರೆಯುತ್ತಾರೆ: ಯಾರೊಡನೆ, ಎಷ್ಟು ದೂರ, ಯಾವ ಹೊತ್ತಿನಲ್ಲಿ. ನೆಟ್ಟ ತಂತಿಯನ್ನು ನಾವು ಬಿಟ್ಟಿಲ್ಲ. ಸಮುದ್ರದಂಡೆಯಲ್ಲಿ ದೂರದೇಶ ಹಿಡಿಯಲು ಅದಕ್ಕಿಂತ ಹಗುರವಾದದ್ದು ಇನ್ನೊಂದು ಸಿಗದು. ತುದಿಯಿಂದ ಉಣಿಸುವ ತಂತಿಯೂ ಚೀಲದಲ್ಲಿದೆ, ಈಗ ಜೋಡಿ ತೋಳಾಗುವ ಎರಡು ಮೀಟರಿನ ಮರುತಂತಿ ಮತ್ತು ಚೋಕ್ ಸಮೇತ. ಸಂಪರ್ಕ ಆಗದಿದ್ದಾಗ ತಂತಿಯನ್ನು ಮುಟ್ಟುವ ಮೊದಲು ಬೇರೆ ದೂರದವರನ್ನು ಕರೆದು ನೋಡುವುದು ಕೂಡ ಅಲ್ಲಿಂದ ಬಂದ ಅಭ್ಯಾಸ. ಥಾಯ್ಲೆಂಡಿನ ಉತ್ತರ ಬಂದಾಗಲೇ ನಾವು ಅದನ್ನು ಸರಿಯಾಗಿ ಓದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ದೂರಕ್ಕೆ ಕೇಳಿ ಹತ್ತಿರಕ್ಕೆ ಕೇಳದ ಆಂಟೆನಾ ತನ್ನ ಆಕಾರವನ್ನು ತಾನೇ ಹೇಳುತ್ತಿರುತ್ತದೆ.

ಮೂರನೇ ಭೇಟಿ

ಜೂನ್ ಎರಡನೇ ವಾರ, ಮಳೆ ಹಿಡಿದಿತ್ತು. ಒದ್ದೆ ದಾರ ಜೋತು ತಂತಿ ತಗ್ಗಿತ್ತು, ಸುತ್ತಲಿನ ಎಲೆಗಳೆಲ್ಲ ನೀರು ಕುಡಿದಿದ್ದವು. 80 ಮೀಟರಿನ ಅನುರಣನ ಡಿಸೆಂಬರಿನಲ್ಲಿ ಅಳೆದದ್ದಕ್ಕಿಂತ ಕೆಳಗೆ ಸರಿದಿತ್ತು. ಮಳೆಯಲ್ಲಿ ಬಳಸುವ ತಂತಿಯನ್ನು ಮಳೆಯಲ್ಲೇ ಅಳೆಯಬೇಕೆಂದು ಹಿರಿಯರು ಹಟ ಹಿಡಿದದ್ದು ಸಾರ್ಥಕವಾಯಿತು. ವಿದ್ಯಾರ್ಥಿ ಗೊರಬೆ ಹೊದ್ದು ಹೋಗಿ ತುದಿಗಳನ್ನು ಇನ್ನಷ್ಟು ಮಡಚಿ ಬಂದ. ರಾತ್ರಿಯಿಂದಲೇ ಕರೆಂಟ್ ಇರಲಿಲ್ಲ. ಬೆಳಗಿನ 5.20ಕ್ಕೆ ಬ್ಯಾಟರಿ ದೀಪದ ಬೆಳಕಿನಲ್ಲಿ ಅವನೇ ಕರೆ ಕೊಟ್ಟ. ಎರಡನೇ ಕರೆಗೆ ಶಿವಮೊಗ್ಗ ಉತ್ತರಿಸಿತು, ಮಳೆಯ ಸದ್ದಿನ ನಡುವೆಯೂ ಪ್ರತಿ ಪದ ತಿಳಿಯುವಂತೆ.

ಹೊರಡುವ ದಿನ ಗಳ ಇಳಿಸಲು ಹೋದಾಗ ಅಜ್ಜ ತಡೆದರು. “ಅದು ಅಲ್ಲೇ ಇರಲಿ. ಅಪ್ಪಿ ರಜೆಗೆ ಬಂದಾಗ ಬೇಕಾಗುತ್ತದೆ.” ಸಿಡಿಲಿನ ಭಯವನ್ನು ಹಿರಿಯರು ವಿವರಿಸಿದರು. ಅಜ್ಜ ಒಳಗೆ ಹೋಗಿ ಹಳೆಯ ಬಾವಿಯ ಚಿಕ್ಕ ರಾಟೆ ತಂದುಕೊಟ್ಟರು. ಅದನ್ನು ಗಳದ ತಲೆಗೆ ಕಟ್ಟಿ ದಾರ ಹಾಯಿಸಿದೆವು. ತಂತಿ ಈಗ ಮನೆಯೊಳಗೆ ಸುತ್ತಿಟ್ಟಿರುತ್ತದೆ, ಬೇಕಾದಾಗ ಮೇಲೇರುತ್ತದೆ, ಗುಡುಗು ಕೇಳಿದೊಡನೆ ಕೆಳಗಿಳಿಯುತ್ತದೆ.